ಪ್ರಿಂಟ್ ಮಾಡಿಸಿದ ಸಾಕೆಟ್: ಎರಡೂವರೆ ವರ್ಷ ಹಾಕಿಕೊಂಡ ಮೇಲೆ

ಶಿಡ್ಲಘಟ್ಟದ ಹತ್ತಿರ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ರೇಷ್ಮೆ ಹುಳು ಮನೆ. 2019ರಲ್ಲಿ ಬೈಕ್ ಅಪಘಾತವಾಗಿ ನನ್ನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಮೊದಲು ಹಾಕಿದ ಕೃತಕ ಕಾಲಿಗೆ ಪಿಓಪಿ ಅಚ್ಚು ತೆಗೆದು ಮಾಡಿದ ಸಾಕೆಟ್ ಇತ್ತು. ಆಮೇಲೆ ಬೆಂಗಳೂರಿನ ಒಂದು ಕಡೆ ಸ್ಕ್ಯಾನ್ ಮಾಡಿ ತ್ರೀಡಿ ಪ್ರಿಂಟ್ ಮಾಡುವುದನ್ನು ಹಾಕಿಸಿಕೊಂಡೆ. ಪ್ರಿಂಟ್ ಆಗುವುದು ಸಾಕೆಟ್ ಮಾತ್ರ, ಅಂದರೆ ಉಳಿದ ಕಾಲು ಕೂರುವ ಬಟ್ಟಲು. ಕೆಳಗಿನ ಪೈಪು, ರಬ್ಬರ್ ಪಾದ ಹಳೆಯವೇ.

ತೆಳು ಕಾಲುಚೀಲ ಹಾಕಿ ಸ್ಕ್ಯಾನರನ್ನು ಕಾಲಿನ ಸುತ್ತ ಆಡಿಸಿದರು. ಐದೇ ನಿಮಿಷ. ಅದೇ ಅಳತೆಗೆ ಪ್ರಿಂಟ್ ಹೊಡೆದರೆ ಮುಗೀತು ಅಂದುಕೊಂಡಿದ್ದೆ, ಹಾಗಲ್ಲ. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜು (ಟೆಂಡನ್) ಭಾರ ತಡೆಯುತ್ತದೆ, ಅಲ್ಲಿ ಸಾಕೆಟ್ ಒತ್ತಬೇಕು. ಹೊರಮಗ್ಗುಲಲ್ಲಿ ಉಬ್ಬಿರುವ ಸಣ್ಣ ಮೂಳೆ, ಕತ್ತರಿಸಿದ ಮೂಳೆಯ ತುದಿ, ಇವು ತಡೆಯಲ್ಲ, ಅಲ್ಲಿ ಜಾಗ ಬಿಡಬೇಕು. ಅಲ್ಲಿನ ಮೇಡಂ ಹೆಬ್ಬೆರಳಲ್ಲಿ ಒಂದೊಂದೇ ಜಾಗ ಒತ್ತಿ, "ಅಣ್ಣ, ಇಲ್ಲಿ ನೋವಾಗುತ್ತಾ? ಸುಮ್ನೆ ತಡ್ಕೋಬೇಡಿ" ಅಂತ ಕೇಳಿ ಕೇಳಿ ಕಂಪ್ಯೂಟರಿನಲ್ಲಿ ಸರಿ ಮಾಡಿದರು. ಮೊದಲು ಒಳಗೆ ಕಾಣುವಂಥ ಒಂದು ಸಾಕೆಟ್ ಹಾಕಿ ನಡೆಸಿದರು, ಎಲ್ಲಿ ಜಾಸ್ತಿ ಒತ್ತುತ್ತದೋ ಅಲ್ಲಿ ಚರ್ಮ ಬೆಳ್ಳಗಾಗುತ್ತದೆ. ತೋಟದಲ್ಲಿ ಕುಕ್ಕರಗಾಲಲ್ಲಿ ಕೂರಬೇಕು ಅಂದಾಗ ಹಿಂದಿನ ಅಂಚು ಇಳಿಸಿದರು. ಹಳೆಯದರಲ್ಲಿ ನಾಲ್ಕು ವರ್ಷ ನಾನು ಕೂತೇ ಇರಲಿಲ್ಲ.

ಎಂಟು ತಿಂಗಳು ಚೆನ್ನಾಗಿತ್ತು. ಆಮೇಲೆ ಒಡೆಯಿತು. ಹುಳು ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಮೇಯಲು ಶುರು ಮಾಡಿತ್ತು, ಆ ವಾರ ಎಷ್ಟು ಸೊಪ್ಪು ಹಾಕಿದರೂ ಸಾಲುವುದಿಲ್ಲ, ಹಗಲು ರಾತ್ರಿ ಕಾಲ ಮೇಲೇ ಇರಬೇಕು, ಅಂಥ ಹೊತ್ತಲ್ಲಿ ಸೊಪ್ಪಿನ ಹೊರೆ ಹೊತ್ತು ಮೆಟ್ಟಿಲು ಹತ್ತುವಾಗ ಪೈಪು ಸೇರುವ ಜಾಗದಲ್ಲಿ ಟಪ್ ಅಂತು. ಅಡ್ಡಕ್ಕೆ ಗೆರೆ ಎಳೆದ ಹಾಗೆ ಬಿರುಕು. ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರ ಹಾಕಿ ಮಾಡುವುದರಿಂದ ಎರಡು ಪದರ ಅಂಟುವ ಕಡೆಯೇ ಬಲ ಕಡಿಮೆ. ಫೋನ್ ಮಾಡಿದರೆ "ಭಾರ ಹೊತ್ತಿರಬೇಕು ನೀವು" ಅಂದರು. ರೈತ ಅಂತ ಮೊದಲೇ ಹೇಳಿದ್ದೆ ಅಲ್ವಾ? ತುಂಬಾ ಬೇಜಾರಾಯಿತು.

ಫೈಲ್ ಇದೆ, ನೀವು ಬರುವುದೇ ಬೇಡ ಅಂತ ಹೇಳಿ ನಾಲ್ಕು ದಿನಕ್ಕೆ ಅದನ್ನೇ ಇನ್ನೊಮ್ಮೆ ಪ್ರಿಂಟ್ ಮಾಡಿ ಕಳಿಸಿದರು. ಇಲ್ಲಿ ನಾನೂ ತಪ್ಪು ಮಾಡಿದೆ, ಅದಕ್ಕೆ ಸರಿ ಅಂದುಬಿಟ್ಟೆ. ಫೈಲಿನಲ್ಲಿದ್ದದ್ದು ಎಂಟು ತಿಂಗಳ ಹಿಂದಿನ ಕಾಲು. ಅಷ್ಟರಲ್ಲಿ ಕಾಲು ಸಣ್ಣಗಾಗಿತ್ತು. ಒಂದು ಕಾಲುಚೀಲ ಹಾಕುತ್ತಿದ್ದವನು ಮೂರು ಹಾಕಿದರೂ ಸಾಕೆಟ್ ಸಡಿಲ, ಒಳಗೆ ಕಾಲು ಜಾರಿ ಜಾರಿ ಹತ್ತು ದಿನಕ್ಕೆ ಮೂಳೆ ತುದಿಯಲ್ಲಿ ಹುಣ್ಣು. ಮೂರು ವಾರ ಊರುಗೋಲು. ಆ ಬೆಳೆಯ ಗೂಡನ್ನು ಅಮ್ಮ ಮತ್ತು ನನ್ನ ಹೆಂಡತಿಯೇ ಬಿಡಿಸಿ ಮಾರ್ಕೆಟ್ಟಿಗೆ ಹಾಕಿದರು.

ಹುಣ್ಣು ಮಾಗಿದ ಮೇಲೆ ಹೋಗಿ ಹೊಸದಾಗಿ ಸ್ಕ್ಯಾನ್ ಮಾಡಿ ಅಂತ ಪಟ್ಟು ಹಿಡಿದೆ. ಮತ್ತೆ ಅದೇ ಮೇಡಂ, ಅದೇ ಹೆಬ್ಬೆರಳು. ಈ ಸಲ ನೈಲಾನ್, ತಳ ದಪ್ಪ. ಒಂದೂವರೆ ವರ್ಷ ಆಗಿದೆ, ಒಂದು ಬಿರುಕಿಲ್ಲ. ಬೆವರು ಮಾತ್ರ ತಪ್ಪಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ ಒಮ್ಮೆ ಬಿಚ್ಚಿ ಒರೆಸಲೇಬೇಕು, ಘಮಘಮ ಪೌಡರ್ ಹಾಕಿಕೊಂಡು ಹುಳು ಮನೆಗೆ ಹೋಗುವ ಹಾಗಿಲ್ಲ.

ಮಾಡಿಸುವವರು ಯಾವ ಪ್ಲಾಸ್ಟಿಕ್ ಅಂತ ಕೇಳಿ. ಪಿಎಲ್‌ಎ ಅಂದರೆ ಬೇಡ ಅನ್ನಿ, ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೂ ಆಕಾರ ಕೆಡಬಹುದು. ಯಂತ್ರ ಯಾವುದು ಅಂತ ಕೇಳುವುದಕ್ಕಿಂತ ಕಾಲು ಮುಟ್ಟಿ ನೋಡುವವರು ಯಾರು, ಆಮೇಲೆ ಎಷ್ಟು ಸಲ ಸರಿ ಮಾಡಿಕೊಡುತ್ತಾರೆ ಅಂತ ಕೇಳಿ.

ನನಗೆ ಈಗ ಸಂಜೆ ಹೊತ್ತಿಗೆ ಮತ್ತೆ ಎರಡನೇ ಕಾಲುಚೀಲ ಬೇಕಾಗುತ್ತಿದೆ. ಈ ಬೆಳೆ ಇಳಿದ ಮೇಲೆ ಇನ್ನೊಂದು ಸ್ಕ್ಯಾನಿಗೆ ಹೋಗುತ್ತೇನೆ.