ಒಂದೇ ಕೃತಿ, ಮೂರು ರೆಕಾರ್ಡಿಂಗ್: ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಂ’ನಲ್ಲಿ ಯಾವುದನ್ನು ಕೇಳೋದು?

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ನಾಲ್ಕು ಭಾಗಗಳ ಕೃತಿ ‘ಎ ಲವ್ ಸುಪ್ರೀಂ’ ನನ್ನ ಕಿವಿಗೆ ಮೊದಲ ಸಲ ಬಿದ್ದಿದ್ದೇ ತಲೆಕೆಳಗಾಗಿ. ಆ್ಯಪ್‌ನಲ್ಲಿ ಶಫಲ್ ಆನ್ ಆಗಿದ್ದು ನೋಡಿರಲಿಲ್ಲ. ನಾಲ್ಕನೇ ಭಾಗ ಮೊದಲು ಬಂತು, ಆಮೇಲೆ ಎರಡನೆಯದು. ಇಷ್ಟಕ್ಕಾ ಇಷ್ಟೊಂದು ಹೊಗಳ್ತಾರೆ ಅಂದುಕೊಂಡು ಸುಮ್ನೆ ಬಿಟ್ಟುಬಿಟ್ಟೆ. ಎಷ್ಟೋ ತಿಂಗಳಾದ ಮೇಲೆ ಮತ್ತೆ ಹಾಕಿದಾಗ ಎಡವಟ್ಟು ಗೊತ್ತಾಯಿತು.

ಈಗ ಇದೇ ಕೃತಿಯ ಮೂರು ಪೂರ್ತಿ ರೆಕಾರ್ಡಿಂಗ್ ಕೇಳಲು ಸಿಗುತ್ತವೆ. 1964ರಲ್ಲಿ ಸ್ಟುಡಿಯೋದಲ್ಲಿ ಮಾಡಿದ್ದು ಒಂದು. 1965ರ ಜುಲೈನಲ್ಲಿ ಫ್ರಾನ್ಸಿನ ಆಂಟೀಬ್ ಉತ್ಸವದಲ್ಲಿ ನುಡಿಸಿದ್ದು ಇನ್ನೊಂದು. ಅದೇ ವರ್ಷ ಅಕ್ಟೋಬರ್ 2ರಂದು ಸಿಯಾಟಲ್‌ನ ಪೆಂಟ್‌ಹೌಸ್ ಕ್ಲಬ್‌ನಲ್ಲಿ ನುಡಿಸಿದ್ದು ಮೂರನೆಯದು. ಈ ಕೊನೆಯದು ಆಲ್ಬಂ ಆಗಿ ಬಂದಿದ್ದು 2021ರಲ್ಲಿ. ಹಾಗಾಗಿ ಇದು ಹಳೆಯದೂ ಹೌದು, ಹೊಸದೂ ಹೌದು.

ಮೂರು ರಾತ್ರಿ, ಒಂದೇ ಹೆಡ್‌ಫೋನ್, ದಿನಕ್ಕೊಂದರಂತೆ ಕೇಳಿದೆ. ವಾಲ್ಯೂಮ್ ಮಾತ್ರ ಒಂದಕ್ಕೊಂದು ಸರಿಹೊಂದಿಸಿಕೊಂಡೆ. ಇಲ್ಲದಿದ್ದರೆ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಶಫಲ್ ಆಫ್ ಮಾಡಿದ್ದೆ ಅಂತ ಬೇರೆ ಹೇಳಬೇಕಿಲ್ಲ.

ಸ್ಟುಡಿಯೋದ್ದು ಸುಮಾರು 33 ನಿಮಿಷ. ಡಿಸೆಂಬರ್ 9ರಂದು, ನ್ಯೂಜೆರ್ಸಿಯಲ್ಲಿದ್ದ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ ಮುಗಿಸಿದ ಕೆಲಸ. ಇರುವುದು ನಾಲ್ಕೇ ಜನ: ಸ್ಯಾಕ್ಸೋಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಪಿಯಾನೊದಲ್ಲಿ ಮೆಕಾಯ್ ಟೈನರ್, ಬಾಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್. ಮೊದಲು ಒಂದು ಜಾಗಟೆಯ ಸದ್ದು. ಅದರ ಮೇಲೆ ಸ್ಯಾಕ್ಸ್ ಸ್ವಲ್ಪ ಹೊತ್ತು ಹರಡಿಕೊಳ್ಳುತ್ತದೆ, ನಿಲ್ಲುತ್ತದೆ. ಆಮೇಲೆ ಬಾಸ್ ನಾಲ್ಕು ಸ್ವರ ಹಿಡಿಯುತ್ತದೆ. ಆ ನಾಲ್ಕೇ ಸ್ವರ! ಕೋಲ್ಟ್ರೇನ್ ಅದನ್ನು ಹನ್ನೆರಡೂ ಶ್ರುತಿಗಳಿಗೆ ತೆಗೆದುಕೊಂಡು ಹೋಗಿ ತಿರುಗಿಸುತ್ತಾನೆ. ಕೊನೆಗೆ ಸ್ಯಾಕ್ಸ್ ಕೆಳಗಿಟ್ಟು ಅದೇ ನಾಲ್ಕು ಸ್ವರಕ್ಕೆ ಆಲ್ಬಂನ ಹೆಸರನ್ನು ಜಪದ ಹಾಗೆ ಬಾಯಲ್ಲೇ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ ಶ್ರುತಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಮೊದಲ ಹತ್ತು ಸಲ ನನಗೆ ಅದು ಗೊತ್ತೇ ಆಗಿರಲಿಲ್ಲ. ಕೋಣೆಯ ಬೆಳಕು ಯಾರೋ ಸ್ವಲ್ಪ ಕಮ್ಮಿ ಮಾಡಿದ ಹಾಗೆ ಅನಿಸುತ್ತಿತ್ತು, ಅಷ್ಟೇ.

ಆದರೆ ನನ್ನ ಪ್ರಕಾರ ಸ್ಟುಡಿಯೋ ಆವೃತ್ತಿಯ ತೂಕ ಇರುವುದು ‘ಸಾಮ್’ (Psalm, ಅಂದರೆ ಸ್ತೋತ್ರಗೀತೆ) ಎಂಬ ಕೊನೆಯ, ನಾಲ್ಕನೇ ಭಾಗದಲ್ಲಿ. ಶಫಲ್ ದೆಸೆಯಿಂದ ನಾನು ಬೋರು ಅಂದಿದ್ದು ಇದನ್ನೇ! ಆಲ್ಬಂ ಕವರಿನೊಳಗೆ ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆ ಅಚ್ಚಾಗಿದೆ. ಆ ಮಾತುಗಳನ್ನೇ ಅಕ್ಷರ ಅಕ್ಷರವಾಗಿ ಸ್ಯಾಕ್ಸ್‌ನಲ್ಲಿ ‘ಓದುತ್ತಾನೆ’. ಒಂದು ರಾತ್ರಿ ಅದನ್ನು ಎದುರಿಗಿಟ್ಟುಕೊಂಡು ಸಾಲಿನ ಮೇಲೆ ಬೆರಳು ಸರಿಸುತ್ತಾ ಕೇಳಿದೆ. ‘ಥ್ಯಾಂಕ್ ಯು ಗಾಡ್’ ಅಂತ ಬಂದಾಗಲೆಲ್ಲ ಸ್ಯಾಕ್ಸ್ ಕೆಳಗಿಳಿದು ಮನೆಗೆ ಬಂದು ಕೂತ ಹಾಗೆ ಕೂರುತ್ತದೆ. ಎರಡು ಕಡೆ ಬೆರಳು ದಾರಿ ತಪ್ಪಿತು, ಮುಂದಿನ ‘ಥ್ಯಾಂಕ್ ಯು ಗಾಡ್’ ಬಂದು ಹಿಡಿದುಕೊಟ್ಟಿತು. ಇದನ್ನು ಮಾಡದೆ ಈ ಆಲ್ಬಂ ಕೇಳಿದ್ದೇನೆ ಅಂತ ಹೇಳಿಕೊಳ್ಳಲು ನನಗೆ ಈಗ ಸಂಕೋಚ.

ಆಂಟೀಬ್‌ನದ್ದು ಅದೇ ನಾಲ್ಕು ಜನ, ಸುಮಾರು 48 ನಿಮಿಷ. ಜಾಸ್ತಿಯಾದ ಹೊತ್ತಿನಲ್ಲಿ ದೊಡ್ಡ ಪಾಲು ‘ಪರ್ಸ್ಯೂಯನ್ಸ್’ ಎಂಬ ಮೂರನೇ ಭಾಗಕ್ಕೇ ಹೋಗಿದೆ. ಸ್ಟುಡಿಯೋದಲ್ಲಿ ಹತ್ತು ಚಿಲ್ಲರೆ ನಿಮಿಷ ಇದ್ದದ್ದು ಇಲ್ಲಿ ಇಪ್ಪತ್ತು ದಾಟುತ್ತದೆ. ಡ್ರಮ್ಸ್‌ಗೆ ಹೆಚ್ಚು ಜಾಗ ಇರುವ ಭಾಗ ಇದು, ಎಲ್ವಿನ್ ಜೋನ್ಸ್ ಅಭಿಮಾನಿಗಳಿಗೆ ಇಷ್ಟು ಹೇಳಿದರೆ ಸಾಕು. ಸಿಯಾಟಲ್ ಟೇಪ್ ಹೊರಬರುವವರೆಗೆ ಪೂರ್ತಿ ಲೈವ್ ಅಂತ ಇದ್ದದ್ದು ಇದೊಂದೇ, ಅದಕ್ಕೇ ಇದಕ್ಕೆ ಅಷ್ಟು ಬೆಲೆ ಇತ್ತು. ಈಗ? ಒಂದು ಸಲ ಕೇಳಿ. ಸ್ಟುಡಿಯೋದ್ದೇ ಬೆವರು ಸುರಿಸಿಕೊಂಡು ಓಡುವ ಹಾಗಿದೆ, ಹೊಸ ಊರಿಗೇನೂ ತಲುಪುವುದಿಲ್ಲ.

ಸಿಯಾಟಲ್ ಬೇರೆಯದೇ ಕಥೆ. ಸುಮಾರು 75 ನಿಮಿಷ. ನಾಲ್ವರ ಜೊತೆಗೆ ಇನ್ನೂ ಎರಡು ಸ್ಯಾಕ್ಸ್, ಫೇರೋ ಸ್ಯಾಂಡರ್ಸ್ ಮತ್ತು ಕಾರ್ಲೋಸ್ ವಾರ್ಡ್. ಇನ್ನೊಂದು ಬಾಸ್, ಡೊನಾಲ್ಡ್ ಗ್ಯಾರೆಟ್. ಜೋ ಬ್ರಾಝಿಲ್ ಎಂಬ ಸ್ಯಾಕ್ಸೋಫೋನ್ ವಾದಕ ಮಾಡಿಟ್ಟಿದ್ದ ಟೇಪ್ ಇದು. ಸೌಂಡ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಡ್ರಮ್ಸ್ ನಿಮ್ಮ ಮಡಿಲಲ್ಲೇ ಕೂತಿರುತ್ತದೆ, ಸ್ಯಾಕ್ಸ್‌ಗಳು ಆಗಾಗ ಹಿಂದಿನ ಸಾಲಿಗೆ ಸರಿದುಬಿಡುತ್ತವೆ. ಇದನ್ನು ಕೇಳಲು ಕೂತ ರಾತ್ರಿ ಹದಿನೈದನೇ ನಿಮಿಷಕ್ಕೆ ಹೆಡ್‌ಫೋನ್ ತೆಗೆದಿಟ್ಟೆ. ಆಗಿನ್ನೂ ಮೊದಲ ಭಾಗವೇ ಮುಗಿದಿರಲಿಲ್ಲ! ಸ್ಟುಡಿಯೋದಲ್ಲಿ ಎಂಟು ನಿಮಿಷದೊಳಗೆ ಮುಗಿಯುವ ಆ ಭಾಗ ಇಲ್ಲಿ ಹತ್ತಿರ ಹತ್ತಿರ 22 ನಿಮಿಷ.

ಮಾರನೇ ದಿನ ಸ್ಪೀಕರ್‌ಗೆ ಹಾಕಿ, ದೂರ ಕೂತು ಕೇಳಿದೆ. ಹೆಡ್‌ಫೋನಿನಲ್ಲಿ ಗದ್ದಲ ಅನಿಸಿದ್ದು ಈಗ ಕೋಣೆ ತುಂಬ ಜನ ಇದ್ದ ಹಾಗೆ ಅನಿಸಿತು. ಸ್ಯಾಂಡರ್ಸ್ ಸ್ಯಾಕ್ಸ್‌ನಲ್ಲಿ ಕಿರುಚುವುದು ನಿಜ. ಆದರೆ ಅದರ ಕೆಳಗೆ ಎರಡು ಬಾಸ್‌ಗಳು ಮಾತಾಡಿಕೊಳ್ಳುವುದನ್ನು ಹಿಡಿದುಕೊಂಡರೆ ದಾರಿ ಸಿಗುತ್ತದೆ. ಅಷ್ಟೆಲ್ಲ ಕಿತ್ತಾಟ ಆದ ಮೇಲೆ ‘ಸಾಮ್’ ಬಂದಾಗ, ಅದು ಪ್ರಾರ್ಥನೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆ ವರ್ಷದ ಕೊನೆಗೆ ಟೈನರ್ ತಂಡ ಬಿಟ್ಟ, 1966ರ ಆರಂಭದಲ್ಲಿ ಜೋನ್ಸ್ ಬಿಟ್ಟ. ಇಷ್ಟು ಗದ್ದಲದ ಈ ಟೇಪ್ ಕೇಳಿದರೆ ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಅಂದಹಾಗೆ ಹುಡುಕುವಾಗ ಒಂದು ಎಚ್ಚರಿಕೆ: ‘ಲೈವ್ ಇನ್ ಸಿಯಾಟಲ್’ ಅಂತಲೇ ಕೋಲ್ಟ್ರೇನ್‌ನ ಇನ್ನೊಂದು ಹಳೇ ಆಲ್ಬಂ ಇದೆ. ಅದೇ ಕ್ಲಬ್ಬು, ಎರಡು ದಿನ ಹಿಂದಿನದು, ಈ ಕೃತಿ ಅದರಲ್ಲಿಲ್ಲ.

ಸ್ಯಾಂಡರ್ಸ್‌ನನ್ನು ಸಹಿಸಲು ಆಗದಿದ್ದರೆ ಪಕ್ಕದ ಬಾಗಿಲು ಒಂದಿದೆ. 2021ರಲ್ಲೇ ಬಂದ, ಸ್ಯಾಂಡರ್ಸ್ ನುಡಿಸಿರುವ ಆಲ್ಬಂ ‘ಪ್ರಾಮಿಸಸ್’. ಫ್ಲೋಟಿಂಗ್ ಪಾಯಿಂಟ್ಸ್ ಎಂಬ ಹೆಸರಿನ ಎಲೆಕ್ಟ್ರಾನಿಕ್ ಸಂಗೀತಗಾರ ಮತ್ತು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ 46 ನಿಮಿಷ. ಚಿಕ್ಕದೊಂದು ಸ್ವರಗುಚ್ಛ ಮತ್ತೆ ಮತ್ತೆ ಬರುತ್ತಿರುತ್ತದೆ, ಅದರ ನಡುವೆ ಅದೇ ಮನುಷ್ಯ ಉಸಿರಾಡಿದ ಹಾಗೆ ನುಡಿಸುತ್ತಾನೆ. ಸಿಯಾಟಲ್‌ನಲ್ಲಿ ಅವನಿಗೆ 24 ವರ್ಷ, ಇದು ಬಂದಾಗ 80. ಇದನ್ನು ಕೇಳಿ ವಾಪಸ್ ಸಿಯಾಟಲ್‌ಗೆ ಹೋದರೆ ಆ ಕಿರುಚಾಟ ಅಷ್ಟು ಚುಚ್ಚುವುದಿಲ್ಲ.

ಹೊಸದಾಗಿ ಕೇಳುವವರಿಗೆ ನಾನು ಈಗಲೂ ಸ್ಟುಡಿಯೋದ್ದನ್ನೇ ಕೊಡುತ್ತೇನೆ, ಆ ಪ್ರಾರ್ಥನೆಯ ಸಮೇತ. ನನಗೆ ಮಾತ್ರ ಅದೀಗ ಬಾಯಿಪಾಠ ಆಗಿಬಿಟ್ಟಿದೆ, ಮುಂದೇನು ಬರುತ್ತದೆ ಅಂತ ಕಿವಿಗೆ ಮೊದಲೇ ಗೊತ್ತು. ಹಾಗಾಗಿ ಹೆಚ್ಚು ಸಲ ಹಾಕುವುದು ಸಿಯಾಟಲ್‌ನದ್ದನ್ನೇ. ಸ್ಪೀಕರ್‌ನಲ್ಲಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ.