ಹತ್ತು ವರ್ಷದಲ್ಲಿ ನಾಲ್ಕು ಸಲ ನೋಡಿದ ‘ಸೈಕೋ-ಪಾಸ್’

ಮೊದಲ ಸಲ ನೋಡಿದಾಗ ನನಗೆ ಪೊಲೀಸ್ ತಂಡದ ಕೊಗಾಮಿಯೇ ಹೀರೋ. ಮೊನ್ನೆ ನಾಲ್ಕನೇ ಸಲ ನೋಡಿ ಮುಗಿಸಿದೆ. ಈಗ ಕಣ್ಣೆಲ್ಲ ಅದೇ ತಂಡದ ಹೊಸ ಹುಡುಗಿ ಅಕಾನೆ ಮೇಲೆಯೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 2012ರ ಅಕ್ಟೋಬರ್‌ನಿಂದ 2013ರ ಮಾರ್ಚ್‌ವರೆಗೆ ಜಪಾನಿನ ಫುಜಿ ಟಿವಿಯಲ್ಲಿ ಬಂದ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿ ಇದು. ತಯಾರಿಸಿದ್ದು ಪ್ರೊಡಕ್ಷನ್ ಐ.ಜಿ., ಕಥೆ ಗೆನ್ ಉರೊಬುಚಿ ಅವರದು. ಮೊದಲ ಸೀಸನ್‌ನಲ್ಲಿ 22 ಕಂತು. ಕಥೆ ನಡೆಯುವುದು 2112ರ ಟೋಕಿಯೋದಲ್ಲಿ. ಅಲ್ಲಿ ಸಿಬಿಲ್ ಅನ್ನುವ ವ್ಯವಸ್ಥೆ ಜನರ ಮನಸ್ಸನ್ನೇ ಸ್ಕ್ಯಾನ್ ಮಾಡುತ್ತದೆ. ಯಾರಿಗೆ ಯಾವ ಕೆಲಸ ಸರಿ ಅಂತಲೂ ಅದೇ ಹೇಳುತ್ತದೆ. ಅಪರಾಧ ಮಾಡುವ ಸಾಧ್ಯತೆಗೆ ಅದು ಕೊಡುವ ಅಂಕ ಮಿತಿ ಮೀರಿದರೆ, ನೀವು ಏನೂ ಮಾಡದಿದ್ದರೂ ಅಪರಾಧಿಗಳ ಲೆಕ್ಕಕ್ಕೆ ಸೇರುತ್ತೀರಿ. ಪೊಲೀಸರ ಕೈಲಿರುವ ಡಾಮಿನೇಟರ್ ಬಂದೂಕಿನ ಲಾಕ್ ತೆರೆಯುವುದೂ ಆ ಅಂಕ ನೋಡಿಯೇ. 100 ದಾಟಿದರೆ ಪ್ರಜ್ಞೆ ತಪ್ಪಿಸುತ್ತದೆ, 300 ದಾಟಿದರೆ ಕೊಲ್ಲುತ್ತದೆ.

ಮೊದಲ ಕಂತಿನಲ್ಲೇ ಒಂದು ದೃಶ್ಯ ಇದೆ. ಒಬ್ಬ ಹೆಂಗಸನ್ನು ಅಪಹರಿಸಿ ಹಿಂಸೆ ಕೊಟ್ಟಿರುತ್ತಾರೆ. ಆ ಭಯಕ್ಕೆ ಅವಳ ಅಂಕವೇ ಏರಿಬಿಡುತ್ತದೆ. ಬಂದೂಕು ಅವಳನ್ನೂ ಕೊಲ್ಲು ಅನ್ನುತ್ತದೆ! ಅವತ್ತಷ್ಟೇ ಕೆಲಸಕ್ಕೆ ಸೇರಿದ ಅಕಾನೆ, ಗುರಿ ಹಿಡಿದಿದ್ದ ತನ್ನದೇ ತಂಡದ ಕೊಗಾಮಿಗೆ ಗುಂಡು ಹಾರಿಸಿ ತಡೆಯುತ್ತಾಳೆ. ಆಮೇಲೆ ಆ ಹೆಂಗಸಿನ ಜೊತೆ ಮೆಲ್ಲಗೆ ಮಾತಾಡುತ್ತಾಳೆ. ಮಾತಾಡುತ್ತಾ ಆಡುತ್ತಾ ಅಂಕ ಇಳಿಯುತ್ತದೆ. ಮೊದಲ ಸಲ ನನಗೆ ಇದು ಹೊಸಬಳ ಗಾಬರಿ ಅನ್ನಿಸಿತ್ತು. ಎರಡನೇ ಸಲ ನೋಡಿದಾಗ ಗೊತ್ತಾಯಿತು, ಇಡೀ ಸೀಸನ್ ಇರುವುದೇ ಈ ಐದು ನಿಮಿಷದಲ್ಲಿ. ಯಂತ್ರ ಅಳೆದಿದ್ದು ಸುಳ್ಳಲ್ಲ. ಆದರೆ ಯಾರಾದರೂ ಪಕ್ಕದಲ್ಲಿ ನಿಂತು ಮಾತಾಡಿಸಿದರೆ ಆ ಮನುಷ್ಯ ಬದಲಾಗಬಹುದು ಅನ್ನೋದು ಅದರ ಲೆಕ್ಕದಲ್ಲಿ ಇಲ್ಲ.

ಇದಕ್ಕೆ ಸರಿಯಾಗಿ ಎದುರು ನಿಲ್ಲುವವನು ಕಥೆಯ ಖಳನಾಯಕ ಮಕಿಶಿಮ. ಎಷ್ಟು ಕ್ರೂರವಾಗಿ ನಡೆದುಕೊಂಡರೂ ಅವನ ಅಂಕ ಏರುವುದೇ ಇಲ್ಲ. 11ನೇ ಕಂತಿನಲ್ಲಿ ಅಕಾನೆ ಡಾಮಿನೇಟರ್ ಹಿಡಿದು ಅವನ ಮುಂದೆ ನಿಲ್ಲುತ್ತಾಳೆ, ಅಂಕ ಇಳಿಯುತ್ತಲೇ ಹೋಗುತ್ತದೆ. ನಾಲ್ಕನೇ ಸಲವೂ ಅಲ್ಲಿ ನನ್ನ ಕೈ ತಣ್ಣಗಾಯಿತು. ಆದರೆ ನನ್ನನ್ನು ಇನ್ನೂ ಜಾಸ್ತಿ ಕಾಡಿದ್ದು 14ನೇ ಕಂತು. ನಡುಬೀದಿಯಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆಯುತ್ತಿದ್ದಾನೆ, ಸುತ್ತಲಿನ ಜನ ಸುಮ್ನೆ ನೋಡುತ್ತಿದ್ದಾರೆ. ಅವರು ಕೆಟ್ಟವರಲ್ಲ. ಇಂಥದ್ದು ನಡೆಯಬಹುದು ಅನ್ನೋದೇ ಅವರಿಗೆ ಗೊತ್ತಿಲ್ಲ ಅಷ್ಟೆ. ಸಿಬಿಲ್ ಕೊಟ್ಟ ನೆಮ್ಮದಿ ನಿಜವಾದದ್ದೇ, ಅದಕ್ಕೇ ಭಯ ಆಗೋದು, ಅಲ್ವಾ? ಸಿಬಿಲ್ ಒಳಗೆ ಏನಿದೆ ಅನ್ನೋದನ್ನು ಮಾತ್ರ ನಾನು ಹೇಳಲ್ಲ, ನೀವೇ ನೋಡಿ.

ರಕ್ತ ಜಾಸ್ತಿ. ಮಕ್ಕಳ ಜೊತೆ ನೋಡುವಂಥದ್ದಲ್ಲ. 6ರಿಂದ 8ನೇ ಕಂತಿನವರೆಗಿನ ಶಾಲೆಯ ಕಥೆ ದೊಡ್ಡವರಿಗೂ ಕಷ್ಟ. ಕೆಲವು ಕಡೆ ಮಾತೂ ಉದ್ದ ಆಯಿತು, ಅದರಲ್ಲೂ ಮಕಿಶಿಮನ ಮಾತು.

2014ರ ಎರಡನೇ ಸೀಸನ್ 11 ಕಂತು. ಬರೆದವರು ಬೇರೆ, ಅದು ಗೊತ್ತಾಗುತ್ತದೆ. ಬೆಚ್ಚಿಬೀಳಿಸುವ ಆತುರ ಹೆಚ್ಚು, ಜನರ ಮೇಲೆ ಅಕ್ಕರೆ ಕಡಿಮೆ. ಒಂದು ಸಲ ನೋಡಿದೆ, ಸಾಕಾಯಿತು. 2019ರ ಮೂರನೆಯದು ಪರವಾಗಿಲ್ಲ, ಆದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನದಕ್ಕೆ ಬೇರೆ ಸಿನಿಮಾ ನೋಡಬೇಕು.

ಜಪಾನಿ ಧ್ವನಿಯಲ್ಲೇ ನೋಡಿ, ಸಬ್‌ಟೈಟಲ್ ಓದುವುದು ಸ್ವಲ್ಪ ಕಷ್ಟವಾದರೂ ಸರಿ. ಅಕಾನೆಗೆ ಧ್ವನಿ ಕೊಟ್ಟವರು ಕಾನಾ ಹನಜಾವಾ. 22ನೇ ಕಂತಿನ ಕೊನೆಗೆ ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಬರುತ್ತಾಳೆ. ಹೆಚ್ಚು ಕಡಿಮೆ ಮೊದಲ ಕಂತಿನ ಥರವೇ ಆ ದೃಶ್ಯ. ಈ ಸಲ ಎದುರುಗೊಳ್ಳುವವಳು ಅಕಾನೆ. ಅದನ್ನು ನೋಡಿದ ತಕ್ಷಣ ಮೊದಲ ಕಂತು ಮತ್ತೆ ಹಾಕಿ, ಅವಳ ದನಿ ಕೇಳಿ. ಅದೇ ಹುಡುಗಿ ಅಂತ ನಂಬೋದೇ ಕಷ್ಟ.