ಬಾರ್ಸಿಲೋನಾದ ಸಾಂತಾ ಲ್ಯೂಸಿಯಾ ಕ್ರಿಸ್‌ಮಸ್ ಸಂತೆ: ಮಕ್ಕಳು, ಹಿರಿಯರನ್ನ ಕರ್ಕೊಂಡು ಹೋಗೋರಿಗೆ

ಡಿಸೆಂಬರ್‌ನಲ್ಲಿ ಬಾರ್ಸಿಲೋನಾಗೆ ಬರೋ ಪ್ಲಾನ್ ಇದ್ರೆ ಕೆಥೀಡ್ರಲ್ ಮುಂದೆ ನಡೆಯೋ ಫೀರಾ ದೆ ಸಾಂತಾ ಲ್ಯೂಸಿಯಾಗೆ ಅಂತ ಒಂದು ಸಂಜೆ ಎತ್ತಿಡಿ. ಮೊದಲೇ ಹೇಳ್ಬಿಡ್ತೀನಿ, ಇದು ತಿನ್ನೋ ಕುಡಿಯೋ ಮಾರ್ಕೆಟ್ ಅಲ್ಲ, ಜರ್ಮನಿ ಕಡೆದು ನೋಡಿ ಅಭ್ಯಾಸ ಆಗಿರೋರು ಬಿಸಿ ವೈನು, ಸುಟ್ಟ ಸಾಸೇಜು ಅಂತ ಹುಡುಕ್ಕೊಂಡು ಬಂದ್ರೆ ನಿರಾಸೆ ಆಗತ್ತೆ. ಇಲ್ಲಿನ ಜನ ಈ ಸಂತೆಗೆ ಬರೋದು ಮನೇಲಿ ಹಬ್ಬ ಮಾಡಕ್ಕೆ ಬೇಕಾದ ಸಾಮಾನು ತಗೊಳ್ಳಕ್ಕೆ. 1786ರಿಂದ ಇದ್ರ ದಾಖಲೆ ಸಿಗತ್ತೆ, ಊರಿನ ಅತಿ ಹಳೇ ಕ್ರಿಸ್‌ಮಸ್ ಸಂತೆ ಇದೇನೇ. ಅಜ್ಜಿ ತಾತ ಮೊಮ್ಮಕ್ಕಳ ಕೈ ಹಿಡ್ಕೊಂಡು ಬಂದು ಈ ವರ್ಷ ಯಾವ ಗೊಂಬೆ ತಗೊಳ್ಳೋದು ಅಂತ ಚರ್ಚೆ ಮಾಡ್ತಾ ನಿಂತಿರ್ತಾರೆ, ನಂಗೆ ಇಲ್ಲಿ ತುಂಬಾ ಇಷ್ಟ ಆಗಿದ್ದೇ ಅದು.

ಗೊಂಬೆ ಅಂದ್ರೆ ಏಸು ಹುಟ್ಟಿದ ದೃಶ್ಯ, ಇಲ್ಲಿನ ಭಾಷೆ ಕ್ಯಾಟಲಾನ್‌ನಲ್ಲಿ ಪೆಸ್ಸೆಬ್ರೆ ಅಂತಾರೆ. ಮೈಸೂರಿಂದ ಬಂದಿದ್ದ ನಮ್ಮ ಅತ್ತೆಗೆ ಏನೂ ವಿವರಿಸೋ ಪ್ರಮೇಯನೇ ಬರ್ಲಿಲ್ಲ, ಮೊದಲನೇ ಅಂಗಡಿ ಮುಂದೆ ನಿಂತವರೇ "ಇವ್ರೂ ನಮ್ ಥರಾನೇ ಗೊಂಬೆ ಕೂರಿಸ್ತಾರಲ್ಲಮ್ಮ" ಅಂದ್ರು. ನಿಜ, ದಸರಾ ಗೊಂಬೆಯ ಹಾಗೇನೇ ಪ್ರತೀ ವರ್ಷ ಒಂದೊಂದು ಹೊಸದು ಸೇರಿಸ್ತಾ ಹೋಗೋದು, ಹಳೇವು ಪೇಪರಲ್ಲಿ ಸುತ್ತಿ ಪೆಟ್ಟಿಗೇಲಿ ಇರ್ತವೆ. ಏಸು, ಮೇರಿ, ಜೋಸೆಫ್, ಮೂರು ಜನ ರಾಜರು ಇದ್ದೇ ಇರ್ತಾರೆ, ಆದ್ರೆ ಅವ್ರ ಸುತ್ತ ಒಂದು ಇಡೀ ಹಳ್ಳಿ ಇರತ್ತೆ. ಹೊಳೆ ದಂಡೇಲಿ ಮಂಡಿ ಊರಿ ಬಟ್ಟೆ ಒಗೆಯೋ ಹೆಂಗಸು, ಬೆನ್ನ ಮೇಲೆ ಸೌದೆ ಹೊರೆ ಹೊತ್ತ ಮುದುಕ, ಚೆಸ್ಟ್‌ನಟ್ ಸುಡೋ ಅಜ್ಜಿ, ಕುರಿ ಕಾಯೋ ಹುಡುಗ. ಅತ್ತೆ ಆರಿಸಿದ್ದು ಬಟ್ಟೆ ಒಗೆಯೋಳನ್ನ, ಬೆರಳುದ್ದ ಇಲ್ಲ ಆ ಗೊಂಬೆ, ಮಣ್ಣಿನದು, ತೋಳು ಮಡಿಸಿದ ಕಡೆ ರವಿಕೆ ಸುಕ್ಕು ಕೂಡ ಇದೆ, ಹುಬ್ಬನ್ನ ಒಂದೇ ಕೂದಲಿನ ಬ್ರಷ್ಷಲ್ಲಿ ಎಳೆದಿರ್ಬೇಕು ಅಷ್ಟು ಸಣ್ಣ. ಪಕ್ಕದಲ್ಲೇ ಅದೇ ಗೊಂಬೆ ಪ್ಲಾಸ್ಟಿಕ್ಕಲ್ಲೂ ಇತ್ತು, ರೇಟು ಕಮ್ಮಿ, ಮುಖ ಮಾತ್ರ ಎಲ್ಲದಕ್ಕೂ ಒಂದೇ. ದಯವಿಟ್ಟು ಮಣ್ಣಿಂದೇ ತಗೊಳ್ಳಿ, ಒಂದೇ ತಗೊಂಡ್ರೂ ಪರವಾಗಿಲ್ಲ. ವಿಮಾನದಲ್ಲಿ ತರ್ತೀವಿ ಅಂತ ಹೇಳಿದ್ರೆ ಟಿಶ್ಯೂ, ಅದರ ಮೇಲೆ ಪೇಪರು ಅಂತ ಗಟ್ಟಿಯಾಗಿ ಸುತ್ತಿ ಕೊಡ್ತಾರೆ.

ಆ ಹಳ್ಳೀಲಿ ಒಂದು ಮೂಲೇಲಿ ಪ್ಯಾಂಟ್ ಇಳಿಸಿ ಕುಕ್ಕರಗಾಲಲ್ಲಿ ಕೂತಿರೋ ರೈತ ಒಬ್ಬ ಇರ್ತಾನೆ, ಕೆಂಪು ಟೋಪಿ, ಬಿಳಿ ಶರ್ಟು. ಹೌದು, ನೀವು ಅಂದ್ಕೊಂಡಿದ್ದೇ ಮಾಡ್ತಿರೋದು. ಅವನ ಹೆಸರು ಕಗನೇರ್. ಅವಮಾನ ಮಾಡಕ್ಕೆ ಇಟ್ಟಿರೋದಲ್ಲ, ನೆಲಕ್ಕೆ ಗೊಬ್ಬರ ಆಗತ್ತೆ, ಮುಂದಿನ ವರ್ಷ ಬೆಳೆ ಚೆನ್ನಾಗಿ ಬರತ್ತೆ, ಮನೆಗೆ ಒಳ್ಳೇದಾಗತ್ತೆ ಅನ್ನೋ ನಂಬಿಕೆ. ಕೊಟ್ಟಿಗೆಯಿಂದ ದೂರ ಎಲ್ಲೋ ಪೊದೆ ಹಿಂದೆ ಬಚ್ಚಿಡ್ತಾರೆ, ಮಕ್ಕಳು ಹುಡುಕ್ಬೇಕು. 2005ರಲ್ಲಿ ಇಲ್ಲಿನ ನಗರಸಭೆ ತನ್ನ ಪೆಸ್ಸೆಬ್ರೆಯಿಂದ ಅವನನ್ನ ಬಿಟ್ಟಾಗ ಜನ ಎಷ್ಟು ಬೇಜಾರು ಮಾಡ್ಕೊಂಡ್ರು ಅಂದ್ರೆ ಮಾರನೇ ವರ್ಷ ವಾಪಸ್ ಇಟ್ರು. ಫುಟ್‌ಬಾಲ್ ಆಟಗಾರರು, ಮಂತ್ರಿಗಳು, ರಾಜ ರಾಣಿ ಎಲ್ಲಾರ ಕಗನೇರ್‌ಗಳೂ ಸಾಲಾಗಿ ಕೂತಿರ್ತವೆ, ಅವು ಒಂದೊಂದು 15-20 ಯೂರೋ ಆಗತ್ತೆ. ನನ್ನ ಕೇಳಿದ್ರೆ ಸೆಲೆಬ್ರಿಟಿಗಿಂತ ಆ ಹಳೇ ರೈತನೇ ಚೆಂದ.

ಮಕ್ಕಳಿದ್ರೆ ನೋಡ್ಲೇಬೇಕಾದ್ದು ತಿಯೋ. ಒಂದು ಮರದ ತುಂಡು, ಮುಂದೆ ಎರಡು ಕಡ್ಡಿ ಕಾಲು, ನಗ್ತಿರೋ ಮುಖ, ತಲೆ ಮೇಲೆ ಕೆಂಪು ಟೋಪಿ. ಡಿಸೆಂಬರ್ 8ರಿಂದ ಮನೇಲಿ ಅದಕ್ಕೆ ಕಂಬಳಿ ಹೊದಿಸಿ ರಾತ್ರಿ ಹೊತ್ತು ಕಿತ್ತಳೆ ಸಿಪ್ಪೆನೋ ಬಿಸ್ಕತ್ತೋ ತಿನ್ನಕ್ಕೆ ಇಡ್ತಾರೆ, ಕ್ರಿಸ್‌ಮಸ್ ಹಿಂದಿನ ರಾತ್ರಿ ಅಥವಾ ಅವತ್ತೇ ಮಕ್ಕಳು ಹಾಡು ಹೇಳ್ತಾ ಕೋಲಲ್ಲಿ ಅದಕ್ಕೆ ಹೊಡೀತಾರೆ, ಆಮೇಲೆ ಕಂಬಳಿ ಎತ್ತಿದ್ರೆ ಒಳಗೆ ಮಿಠಾಯಿ, ಸಣ್ಣ ಸಣ್ಣ ಉಡುಗೊರೆ. ಸಂತೇಲಿ ದೊಡ್ಡದೊಂದು ತಿಯೋ ಇಟ್ಟಿರ್ತಾರೆ, ಮಕ್ಕಳು ಹತ್ರ ಹೋಗಿ ಹೊಡೀಬಹುದು. ನಮ್ಮ ಮಗಳು ಮೊದಲು ಪಾಪ ಅದಕ್ಕೆ ನೋವಾಗತ್ತೆ ಅಂತ ಕೋಲು ಹಿಡ್ಕೊಂಡು ಸುಮ್ನೆ ನಿಂತಿದ್ಲು, ಪಕ್ಕದಲ್ಲಿದ್ದ ಅಲ್ಲಿನ ಹುಡುಗಿ ಅವಳ ಕೈ ಮೇಲೆ ಕೈ ಇಟ್ಟು ಹೇಗೆ ಹೊಡೀಬೇಕು ಅಂತ ತೋರಿಸಿದ್ಮೇಲೆ ಅಲ್ಲಿಂದ ಎಬ್ಬಿಸೋದೇ ಕಷ್ಟ ಆಯ್ತು. ಮನೆಗೆ ಒಯ್ಯಕ್ಕೆ ಬೆರಳು ಗಾತ್ರದ್ದರಿಂದ ಹಿಡಿದು ಎರಡು ಕೈಲಿ ಎತ್ತೋ ಸೈಜ್‌ವರೆಗೂ ಸಿಗತ್ತೆ.

ಒಂದು ಭಾಗದಲ್ಲಿ ಬರೀ ಹಸಿರು. ಕ್ರಿಸ್‌ಮಸ್ ಮರ, ಪಾಚಿ, ಪೆಸ್ಸೆಬ್ರೆಗೆ ಬೆಟ್ಟ ಮಾಡಕ್ಕೆ ಕಾರ್ಕ್ ಮರದ ತೊಗಟೆ, ಬಾಗಿಲಿಗೆ ಕಟ್ಟೋ ಮಿಸಲ್‌ಟೋ ಗೊಂಚಲು. ವಾಸನೆಗೋಸ್ಕರನಾದ್ರೂ ಆ ಸಾಲಲ್ಲಿ ನಿಧಾನಕ್ಕೆ ನಡೀರಿ. ಕರಕುಶಲ ಸಾಮಾನಿನ ಸಾಲು ಮಾತ್ರ ನಂಗೆ ಅಷ್ಟು ಹಿಡಿಸ್ಲಿಲ್ಲ, ಕಿವಿಯೋಲೆ, ಸ್ಕಾರ್ಫು, ಮೇಣದ ಬತ್ತಿ, ಇವೆಲ್ಲ ಯಾವ ಊರಲ್ಲಾದ್ರೂ ಸಿಗತ್ತೆ. ಒಂದು ಅಂಗಡೀಲಿ ತಗೊಂಡ ಕೊಟ್ಟಿಗೆ ಒಳಗಿಡೋ ಪುಟ್ಟ ಲೈಟು ಮನೇಲಿ ಹತ್ತಲೇ ಇಲ್ಲ, ಬದಲಾಯಿಸಿ ಅಂದ್ರೆ ಮುಖ ಕೊಟ್ಟು ಮಾತಾಡ್ಲಿಲ್ಲ. ಲೈಟು, ನೀರಿನ ಗಿರಣಿ, ಮೋಟರ್ ಇರೋದೇನೇ ತಗೊಂಡ್ರೂ ಅಲ್ಲೇ ಹಾಕ್ಸಿ ನೋಡಿ, ಬಿಲ್ ಇಸ್ಕೊಳ್ಳಿ.

ಸಂತೆಗೆ ಹೆಸರು ಬಂದಿರೋದು ಸಂತ ಲ್ಯೂಸಿಯಾಳಿಂದ, ಡಿಸೆಂಬರ್ 13 ಅವಳ ಹಬ್ಬ, ಕಣ್ಣು ಕಾಯೋ ದೇವತೆ ಅಂತ ಇಲ್ಲಿ ನಂಬಿಕೆ. ಕೆಥೀಡ್ರಲ್‌ಗೆ ಸೇರಿದ ಹಾಗೇ ಅವಳದ್ದೊಂದು ಪುಟ್ಟ ಹಳೇ ಗುಡಿ ಇದೆ. ಅತ್ತೆಗೆ ಪೊರೆ ಆಪರೇಷನ್ ಆಗಿತ್ತು, ವಿಷಯ ಗೊತ್ತಾದ ತಕ್ಷಣ ಒಳಗೆ ಹೋಗಿ ಕೈ ಮುಗಿದು ಬಂದ್ರು. ಕೆಥೀಡ್ರಲ್ ಅಂಗಳದಲ್ಲಿ 13 ಬಿಳೀ ಹೆಬ್ಬಾತುಗಳಿವೆ, ಹದಿಮೂರು ವರ್ಷಕ್ಕೇ ಪ್ರಾಣ ಕೊಟ್ಟ ಸಂತ ಎಉಲಾಲಿಯಾಳ ನೆನಪಿಗೆ ಅಂತ ಸಾಕಿರೋದು, ಮಕ್ಕಳಿಗೆ ಸಂತೆ ಬೇಜಾರಾದ್ರೆ ಅಲ್ಲಿಗೆ ಕರ್ಕೊಂಡು ಹೋಗಿ.

ಊಟದ ವಿಷಯಕ್ಕೆ ಬಂದ್ರೆ, ಹತ್ತಿರದಲ್ಲೇ ಪೆತ್ರಿಚೋಲ್ ಅಂತ ಸಣ್ಣ ಗಲ್ಲಿ ಇದೆ, ಗಟ್ಟಿ ಬಿಸಿ ಚಾಕ್ಲೇಟಲ್ಲಿ ಚೂರೋಸ್ (ಎಣ್ಣೇಲಿ ಕರಿದ ಉದ್ದನೇ ಹಿಟ್ಟಿನ ತಿಂಡಿ) ಅದ್ದಿ ತಿನ್ನಕ್ಕೆ ಹೆಸರುವಾಸಿ, ಚಳಿಗೆ ಹೇಳಿ ಮಾಡಿಸಿದ್ದು. ಹಬ್ಬದ ಸಿಹಿ ಕೊಳ್ಳೋ ಸಸ್ಯಾಹಾರಿಗಳು ಒಂದು ನೆನಪಿಡಿ, ಪೋಲ್ವೊರೋನ್, ಮಾಂತೆಕಾದೋ ಅನ್ನೋ ಪುಡಿಪುಡಿ ಬಿಸ್ಕತ್ತಿಗೆ ಸಾಮಾನ್ಯವಾಗಿ ಹಂದಿ ಕೊಬ್ಬು ಹಾಕಿರ್ತಾರೆ, ಪ್ಯಾಕೆಟ್ ಮೇಲೆ ಓದದೆ ತಗೊಬೇಡಿ. ಬಾದಾಮಿ, ಜೇನುತುಪ್ಪದ ಮಿಠಾಯಿ ತೊರ್ರೋನಲ್ಲಿ ಅದು ಇರಲ್ಲ, ಆದ್ರೆ ಮೊಟ್ಟೆ ಬಿಳಿ ಇರತ್ತೆ. ಗಟ್ಟಿದು ಅಲಿಕಾಂತೆ, ಮೆತ್ತಗಿರೋದು ಶಿಶೋನಾ, ಹಲ್ಲು ಕಷ್ಟ ಇರೋ ಹಿರಿಯರಿಗೆ ಎರಡನೇದೇ ಕೊಡಿ.

ಹೋಗೋದಾದ್ರೆ ವಾರದ ದಿನ, ಸಂಜೆ ಐದರ ಸುಮಾರಿಗೆ ಹೋಗಿ, ದೀಪ ಹತ್ತೋ ಹೊತ್ತು, ಜನಾನೂ ತಡೆಯೋ ಅಷ್ಟು ಇರ್ತಾರೆ. ಶನಿವಾರ ಭಾನುವಾರ ವೀಲ್‌ಚೇರು, ಮಗು ತಳ್ಳೋ ಗಾಡಿ ಇದ್ರೆ ಅಂಗಡಿ ಮಧ್ಯೆ ಸಿಕ್ಕಾಕೊಳ್ಳೋದು ಗ್ಯಾರಂಟಿ. ಜೇಬುಗಳ್ಳರ ಕಾಟ ಈ ಏರಿಯಾದಲ್ಲಿ ನಿಜಕ್ಕೂ ಇದೆ, ಬ್ಯಾಗು ಎದೆ ಮೇಲೆ ಹಾಕ್ಕೊಳ್ಳಿ, ಗೊಂಬೆ ನೋಡ್ತಾ ಮೈಮರೆಯೋ ಹೊತ್ತೇ ಅವರಿಗೆ ಬೇಕಿರೋದು. ಮೆಟ್ರೋದಲ್ಲಿ ಹಳದಿ ಲೈನ್, ಜೌಮೆ ಪ್ರಿಮೇರ್ ಸ್ಟೇಷನ್‌ನಲ್ಲಿ ಇಳಿದ್ರೆ ಸ್ವಲ್ಪ ದೂರ ನಡಿಗೆ ಅಷ್ಟೇ. ಒಳಗೆ ಓಡಾಡಕ್ಕೆ ಟಿಕೆಟ್ ಇಲ್ಲ. ನವೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ 23ಕ್ಕೆ ಮುಗಿದುಹೋಗತ್ತೆ, ಇಪ್ಪತ್ತೈದಕ್ಕೆ ಬಂದು ನೋಡೋಣ ಅಂದ್ರೆ ಸಿಗಲ್ಲ, ಹಾಗಾಗಿ ವಿಮಾನ ಬುಕ್ ಮಾಡೋವಾಗ್ಲೇ ತಾರೀಖು ನೋಡ್ಕೊಂಡು ಮಾಡಿ.